ಹುಡ್ಡು ಹೊಲಿಯುವ ಮಾನವ್ವನಿಗೆ ಟಾಪಿಲ್ಲದ ಗಾಡಿ ಬೇಕಂತೆ

ಬೆಳಗಿನ ಐದೂವರೆ. ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜ್ ಸಾಲಿನಲ್ಲಿ ಒಂದೇ ಒಂದು ತಗಡಿನ ಶೆಡ್ಡಿನಲ್ಲಿ ದೀಪ ಹತ್ತಿದೆ. ನೆಲದ ತುಂಬ ಹಸಿರು ಕ್ಯಾನ್ವಾಸು ಹಾಸಿದೆ. ಅದರ ನಡುವೆ ಕಾಲು ಚಾಚಿ ಕೂತಿರುವ ಮಾನವ್ವ ದಾರಕ್ಕೆ ಮೇಣ ಸವರಿ, ನಾಲಗೆಯ ತುದಿಯಿಂದ ಒಮ್ಮೆ ಒದ್ದೆ ಮಾಡಿ, ದಬ್ಬಣಕ್ಕೆ ಪೋಣಿಸುತ್ತಾರೆ. ಕನ್ನಡಕ ಹಣೆಯ ಮೇಲೇ ಇದೆ. ಕಣ್ಣಿಗೆ ಇಳಿಸುವ ಅಗತ್ಯ ಅವರಿಗೆ ಬಿದ್ದಿಲ್ಲ. ಹೊರಗೆ ಹುಡ್ಡಿಲ್ಲದ, ಎಂದರೆ ಕ್ಯಾನ್ವಾಸಿನ ಮೇಲ್ಹೊದಿಕೆ ಇಲ್ಲದ ಜೀಪೊಂದು ಬರೀ ಕಮಾನುಗಳನ್ನು ಹೊತ್ತು ನಿಂತಿದೆ. ಎಂಟು ಗಂಟೆಗೆ ಅದರ ಮಾಲೀಕ ಬರುತ್ತಾನೆ, ಅಷ್ಟರಲ್ಲಿ ಅದರ ತಲೆ ಮುಚ್ಚಬೇಕು.

"ಬಟ್ಟಿ ಎರಡು ದಿನ ನೀರಾಗ ನೆನಿಸಿ ಒಣಗಿಸೇನ್ರಿ. ನೆನಿಸದ ಬಟ್ಟೀನ ನಂಬಬಾರದು," ಎನ್ನುತ್ತಾರೆ ಮಾನವ್ವ, ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದು. "ನಾ ಒಬ್ಬಾಕೀನ ಹೊಲಿದ ಮೊದಲನೇ ಹುಡ್ಡು ನೆನಿಸದ ಹೊಲದಿದ್ದೆ. ಮೊದಲನೇ ಮಳಿಗೇ ಗೇಣುದ್ದ ಕುಗ್ಗಿತು. ಗಾಡಿಯವರು ಜೀಪಿನಾಗ ಛತ್ರಿ ಹಿಡಕೊಂಡು ಕುಂತು ಬಂದ್ರು. ಮಾರಿ ಎಲ್ಲಿ ಇಟ್ಕೊಳ್ಳಲಿ ನಾನು?"

ಈ ಪುರವಣಿಯಲ್ಲಿ ಹನ್ನೊಂದು ವರ್ಷಗಳಿಂದ ಇಂಥವರ ಬಗ್ಗೆ ಬರೆಯುತ್ತಿದ್ದೇನೆ. ಗೌರವದಿಂದ ಬರೆದಿದ್ದೇನೆ, ಕೆಲವೊಮ್ಮೆ ಕಣ್ಣು ಒದ್ದೆ ಮಾಡಿಕೊಂಡೂ ಬರೆದಿದ್ದೇನೆ. ಹೊಟ್ಟೆಕಿಚ್ಚಿನಿಂದ ಬರೆಯುತ್ತಿರುವುದು ಮಾತ್ರ ಇದೇ ಮೊದಲು. ಮಾನವ್ವನ ಕೆಲಸ ಕಂಡು ಅಲ್ಲ, ಅದನ್ನು ಯಾರು ಕಂಡರೂ ಮೆಚ್ಚುತ್ತಾರೆ. ಅವರು ಕೊಳ್ಳಬೇಕೆಂದಿರುವ ಗಾಡಿಯ ಸಲುವಾಗಿ. ಆ ಗಾಡಿಯನ್ನು ನಾನು ಎರಡು ವರ್ಷಗಳಿಂದ ಕಣ್ಣಲ್ಲೇ ಇಟ್ಟುಕೊಂಡಿದ್ದೆ.

ಗಾಡಿಯ ಮಾತು ಆಮೇಲೆ. ಮೊದಲು ಮನುಷ್ಯರ ಮಾತು. ಮಾನವ್ವನಿಗೀಗ ಐವತ್ತನಾಲ್ಕು. ತವರು ಲಕ್ಕಲಕಟ್ಟಿ. ಹೊಲದ ಕೂಲಿಗೆ ಹೋಗುತ್ತಿದ್ದ ಮನೆಯಿಂದ ಇಪ್ಪತ್ತೆರಡರ ವಯಸ್ಸಿಗೆ ಹುಡ್ಡು ಹೊಲಿಯುವ ಹೊಳಿಯಪ್ಪನ ಮನೆಗೆ ಸೊಸೆಯಾಗಿ ಬಂದರು. ಬಂದ ಎರಡನೇ ವಾರಕ್ಕೇ ಗಂಡ ಅವರ ಕೈಗೆ ದಬ್ಬಣ ಕೊಟ್ಟು, ಟ್ರ್ಯಾಕ್ಟರಿನ ತಾಡಪತ್ರಿ ಹರಡಿ, "ಇಲ್ಲಿಂದ ಅಲ್ಲಿ ತನಕ" ಎಂದು ಬೆರಳು ತೋರಿಸಿದನಂತೆ. ಅದೇ ಪಾಠ. ಹನ್ನೆರಡು ವರ್ಷಗಳ ಹಿಂದೆ ಹೊಳಿಯಪ್ಪನ ಕಣ್ಣು ಮಂಜಾದವು. ಶಸ್ತ್ರಚಿಕಿತ್ಸೆಯಾದರೂ ಮೊದಲಿನ ನೋಟ ಬರಲಿಲ್ಲ. ಅಂದಿನಿಂದ ಅಳತೆ, ಕತ್ತರಿ, ಹೊಲಿಗೆ, ಗಿರಾಕಿಗಳ ಬಯ್ಗುಳ ಎಲ್ಲವೂ ಮಾನವ್ವನದೇ.

ದಿನಕ್ಕೆ ಎರಡು ಟಂಟಂ ಆಟೊಗಳ ರೆಕ್ಜಿನ್ ಮೇಲ್ಹೊದಿಕೆ. ಜೀಪಿನ ಹುಡ್ಡಾದರೆ ಮೂರು ದಿನ. ಉದ್ದ ಹೊಲಿಗೆಯೆಲ್ಲ ಮಷೀನಿನದು. ಮೂಲೆ, ಮಡಿಕೆ, ಬೆಲ್ಟು ಕೂಡಿಸುವ ಕಡೆಗಳಲ್ಲಿ ಕೈಹೊಲಿಗೆಯೇ ಆಗಬೇಕು, ಒಂದು ಹುಡ್ಡಿಗೆ ಸುಮಾರು ಮುನ್ನೂರು ಹೊಲಿಗೆ. ತಿಂಗಳಿಗೆ ಎರಡು ದಬ್ಬಣ ಮುರಿಯುತ್ತವೆ. ಉಳ್ಳಾಗಡ್ಡಿ ಸುಗ್ಗಿಯಲ್ಲಿ ತಾಡಪತ್ರಿಗಳ ರಾಶಿ ಬಾಗಿಲವರೆಗೆ ಬರುತ್ತದೆ, ಆಗ ಊಟ ಶೆಡ್ಡಿನಲ್ಲೇ. ಬಲಗೈ ಹೆಬ್ಬೆರಳಿನ ತುದಿಯಲ್ಲಿ ಚರ್ಮ ಎಷ್ಟು ಗಟ್ಟಿಯಾಗಿದೆಯೆಂದರೆ ಬಿಸಿ ಚಹಾದ ಲೋಟವನ್ನು ಅಂಚಿನಲ್ಲಿ ಹಿಡಿದರೂ ಅವರಿಗೆ ಗೊತ್ತಾಗುವುದಿಲ್ಲ.

ಮೂವತ್ತೆರಡು ವರ್ಷಗಳಲ್ಲಿ ಎಷ್ಟು ಹುಡ್ಡು ಹೊಲಿದಿರಬಹುದು ಎಂದು ಕೇಳಿದೆ.

"ಎಣಿಸಿಲ್ರಿ. ಜೀಪಿನವು ನಾಲ್ಕುನೂರು ದಾಟ್ಯಾವು. ಟಂಟಂದವು ಯಾರು ಎಣಿಸ್ತಾರ? ಆದ್ರ ಒಂದು ಹೇಳತೀನಿ ನೋಡ್ರಿ. ಅಷ್ಟು ಮಂದಿ ತಲಿ ಮುಚ್ಚೀನಿ, ಒಂದು ಸಲಾನೂ ತಲಿ ಬಿಚ್ಚಿದ ಗಾಡ್ಯಾಗ ಕುಂತು ಗಾಳಿ ತಗೊಂಡಿಲ್ಲ. ಹುಡ್ಡು ಕೂಡಸೂದು, ಕೀಲಿ ಕೊಡೂದು. ಮುಗೀತು."

ಆಮೇಲೆ ದಾರ ಕಡಿಯುತ್ತಾ ಹೇಳಿದರು, "ಈ ಐತವಾರ ಗಾಡಿ ನೋಡಾಕ ಹೊಂಟೀನ್ರಿ. ನನಗ."

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಹೊಳಿಯಪ್ಪ ಗೊರ್ ಎಂದ. "ಮನಿ ಮ್ಯಾಲ ತಗಡ ಐತಿ, ಸ್ಲ್ಯಾಬ್ ಹಾಕಸೋಣ ಅಂದ್ರ ಮಗಳು ಉಮಾನ ಅವ್ವಗ ಟಾಪ್ ಇಲ್ಲದ ಗಾಡಿ ಬೇಕಂತರಿ. ವಾರಕ್ಕೊಮ್ಮೆ ತಿರಗ್ಯಾಡಾಕ! ಪೇಪರಿನ್ಯಾಗ ಇದನ್ನೂ ಬರೀರಿ ಸರ."

ಗಂಡಹೆಂಡಿರ ನಡುವೆ ಒಂದು ಕರಾರು ಆಗಿದೆ. ಕತ್ತರಿಸಿ ಉಳಿದ ಕ್ಯಾನ್ವಾಸಿನ ತುಂಡುಗಳಿಂದ ಚೀಲ ಹೊಲಿದು ಮಾರಿ ಮಾನವ್ವ ವರ್ಷಗಟ್ಟಲೆ ಕೂಡಿಟ್ಟ ಹಣವಿದೆ. ಈ ಭಾನುವಾರ ಮಾನವ್ವನಿಗೆ ಮನಸ್ಸಿಗೆ ಬಂದ ಗಾಡಿ ಸಿಕ್ಕರೆ ಗಾಡಿಗೆ, ಸಿಗದಿದ್ದರೆ ಸ್ಲ್ಯಾಬಿಗೆ. ಸೋಮವಾರ ಸ್ಲ್ಯಾಬ್ ಹಾಕುವ ಗೌಂಡಿ ಬರುತ್ತಾನೆ, ಹೊಳಿಯಪ್ಪ ಹೇಳಿಟ್ಟಾಗಿದೆ. ಎರಡನೇ ಸಲ ಈ ಮಾತು ಮನೆಯಲ್ಲಿ ಎತ್ತಕೂಡದು.

"ಎಷ್ಟು ಗಾಡಿ ನೋಡುತ್ತೀರಿ?" ಎಂದು ಕೇಳಿದೆ.

"ಮೂರು. ರೋಣದಾಗೊಂದು, ನರಗುಂದದಾಗೊಂದು. ಮೂರನೇದು ಇಲ್ಲೇ, ಪ್ರಭುಲಿಂಗಪ್ಪ ಸಾವಕಾರ್ರ ಗೋದಾಮಿನ್ಯಾಗಿನ ಹಸರು ಜೀಪು."

ಪೆನ್ನು ನಿಂತಿತು. ಮಾರುಕಟ್ಟೆಯ ಹಿಂದಿನ ಪ್ರಭುಲಿಂಗಪ್ಪನವರ ಗೋದಾಮಿನ ಕಾಂಪೌಂಡಿನ ಮೇಲಿಂದ ಆ ಜೀಪಿನ ಅರ್ಧ ಮೂತಿ ಕಾಣುತ್ತದೆ. ದಿನವೂ ಸಂಜೆ ನನ್ನ ಸ್ಕೂಟರು ಅಲ್ಲಿ ನಿಧಾನವಾಗುತ್ತದೆ. ಒಮ್ಮೆ ಫೋನು ಮಾಡಿ, "ಗೆಳೆಯನೊಬ್ಬನಿಗೆ ಬೇಕಾಗಿತ್ತು" ಎಂದು ಬೆಲೆ ವಿಚಾರಿಸಿದ್ದೆ, ಹೆಸರು ಹೇಳಿರಲಿಲ್ಲ. ಬ್ಯಾಂಕಿನ ಸಾಲ ಸೋಮವಾರ ಕೈಗೆ ಬರುವುದಿತ್ತು. ಸೋಮವಾರ ಮಧ್ಯಾಹ್ನವೇ ಹೋಗಿ ಮಾತು ಮುಗಿಸುವುದೆಂದು ನಾನೂ ನನ್ನ ಹೆಂಡತಿ ಮಹೇಶ್ವರಿಯೂ ತೀರ್ಮಾನಿಸಿದ್ದೆವು. ಆಕೆ ತಲೆಗೆ ಕಟ್ಟಿಕೊಳ್ಳಲು ಒಂದು ವಸ್ತ್ರವನ್ನು ಕೂಡ ಕೊಂಡಿದ್ದಳು.

ಈಗ ನನಗಿಂತ ಒಂದು ದಿನ ಮೊದಲು ಈ ಹೆಂಗಸು. "ನಾನೂ ನಿಮ್ಮ ಜೊತೆ ಬರಲೇನು? ಲೇಖನಕ್ಕೆ ಚೆನ್ನಾಗಿರುತ್ತದೆ," ಎಂದೆ. ಲೇಖನಕ್ಕೆ ಅಲ್ಲ ಎನ್ನುವುದು ನನಗೆ ಗೊತ್ತಿತ್ತು.

ಭಾನುವಾರ ಮೊದಲ ಬಸ್ಸಿಗೆ ರೋಣ. ಕಿಟಕಿಯ ಪಕ್ಕ ಕೂತ ಮಾನವ್ವ ಎದುರಿಗೆ ಬರುವ ಪ್ರತಿ ಟಂಟಂ ನೋಡಿ, "ಇದು ನಂದು, ಇದು ನಂದಲ್ಲ, ಇದು ನಂದು ಆದ್ರ ಹಿಂದಿನದು ಬ್ಯಾರೆಯವ್ರು ಹಚ್ಯಾರ" ಎಂದು ಹೇಳುತ್ತಲೇ ಇದ್ದಾರೆ. ಬಣ್ಣ ನೋಡಿ ಅಲ್ಲ, ಮೂಲೆ ನೋಡಿ. ಅವರ ಮೂಲೆಗಳು ನೀರು ನಿಲ್ಲದ ಹಾಗೆ ಸ್ವಲ್ಪ ಎತ್ತರ. ಇಷ್ಟು ದೂರದಿಂದ ಅದು ಕಾಣುವುದೆಂದರೆ ಏನು ಕಣ್ಣು! ನನಗೆ ಆ ಕಣ್ಣಿನ ಮೇಲೂ ಹೊಟ್ಟೆಕಿಚ್ಚಾಯಿತು.

ರೋಣದಲ್ಲಿ ಗಾಡಿಯ ಮಾಲೀಕ ಕಳಕೇಶ ಎಂಬ ವಕೀಲರು. ಬೇವಿನ ಮರದ ಕೆಳಗೆ ಬಟ್ಟೆ ಹೊದ್ದು ನಿಂತಿದ್ದುದನ್ನು ಅವರು ಎಳೆದು ತೆರೆದಾಗ ನನ್ನ ಬಾಯಿಯೂ ತೆರೆಯಿತು. ಎರಡೇ ಬಾಗಿಲಿನ ಬೆಳ್ಳಿ ಬಣ್ಣದ ಕಾರು. ಗುಂಡಿ ಒತ್ತಿದರೆ ಟಾಪು ತಾನೇ ಮಡಚಿಕೊಂಡು ಹಿಂದಿನ ಡಿಕ್ಕಿಯೊಳಗೆ ಮಲಗುವಂಥದ್ದು. ಸಮುದ್ರದ ಕಡೆಯ ಊರಿನಿಂದ ಮೂರನೆಯ ಕೈಗೆ ಕೊಂಡದ್ದಂತೆ. ಬೆಲೆಯೂ ಕೈಗೆಟುಕುವಷ್ಟಿತ್ತು, ಅದೇ ಆಶ್ಚರ್ಯ. ಅಷ್ಟು ಅಗ್ಗಕ್ಕೆ ಯಾಕೆ ಕೊಡುತ್ತಿದ್ದಾರೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಮಾನವ್ವ ಗುಂಡಿಯ ಹತ್ತಿರವೇ ಹೋಗಲಿಲ್ಲ. ಬಾಗಿಲು ತೆರೆದು, ಮೂಗು ಒಳಗಿಟ್ಟು, ಉಸಿರೆಳೆದು ನೋಡಿದರು. ಆಮೇಲೆ ಕಾಲು ಇಡುವಲ್ಲಿನ ಚಾಪೆ ಎತ್ತಿ, ಅದರ ಕೆಳಗಿನ ಸ್ಪಂಜನ್ನು ಹಿಂಡಿದರು. ನೀರು ಬಂತು. ಮಳೆಯಾಗಿ ತಿಂಗಳ ಮೇಲಾಗಿದೆ.

"ವಕೀಲರ, ಟಾಪಿನ ನೀರು ಹೋಗೋ ತೂತಿನ ತುಂಬ ಬೇವಿನ ಹೂ, ಎಲಿ ತುಂಬ್ಯಾವ್ರಿ. ನೀರು ಕೆಳಗ ಹೋಗಾಕ ಹಾದಿ ಇಲ್ಲದ ಒಳಗ ಬಂದೈತಿ. ತಳಾ ತುಕ್ಕ ಹಿಡದೈತಿ ನೋಡ್ರಿ," ಎಂದು ದಬ್ಬಣದ ತುದಿಯಿಂದ ಒತ್ತಿದರು. ತಗಡಿನ ಪದರು ಹಪ್ಪಳದಂತೆ ಎದ್ದಿತು.

ಕಳಕೇಶ ಮುಖ ಸಣ್ಣದು ಮಾಡಿಕೊಂಡು ಗುಂಡಿ ಒತ್ತಿದರು. ಟಾಪು ಗುಂಯ್ ಎನ್ನುತ್ತಾ ಎದ್ದಿತು, ಅರ್ಧಕ್ಕೆ ನಿಂತಿತು. ನಾನೂ ಅವರೂ ಎರಡು ಬದಿಗೆ ನಿಂತು ಅದನ್ನು ದೂಡಿ ಹಾಕಬೇಕಾಯಿತು. ಆ ಮೋಟರು ಹೊರದೇಶದಿಂದ ಬರಬೇಕಂತೆ, ಅದು ಬರುವ ಹೊತ್ತಿಗೆ ಇನ್ನೊಂದು ಮಳೆಗಾಲ ಮುಗಿದಿರುತ್ತದೆ. ಆದರೂ ನನಗೆ ಅದನ್ನು ಬಿಟ್ಟು ಬರಲು ಮನಸ್ಸಿರಲಿಲ್ಲ.

"ಚಂದ ಐತ್ರಿ, ಭಾಳ ಚಂದ ಐತಿ," ಎಂದರು ಮಾನವ್ವ ಬಸ್ ನಿಲ್ದಾಣದ ಕಡೆ ನಡೆಯುತ್ತಾ. "ಆದ್ರ ನನ್ನ ದಬ್ಬಣಕ್ಕ ಬಗ್ಗದ ಟಾಪು ನನಗ್ಯಾಕ? ಹಾದ್ಯಾಗ ಕೈ ಕೊಟ್ರ ಯಾರಿಗಿ ಕರೀಲಿ?"

ನರಗುಂದದ ಗಾಡಿ ಕೆಂಪು ಬಣ್ಣದ್ದು, ಮದುವೆ ಮೆರವಣಿಗೆಗೆ ಬಾಡಿಗೆ ಓಡುವಂಥದ್ದು. ಮೂಲದಲ್ಲಿ ಅದು ಟಾಪಿದ್ದ ಸಾದಾ ಕಾರು. ಅದರ ಮಾಲೀಕ ಮಹಮ್ಮದಸಾಬ ಯಾವುದೋ ಗ್ಯಾರೇಜಿನಲ್ಲಿ ಅದರ ತಲೆಯನ್ನು ಕೊಯ್ಯಿಸಿದ್ದಾರೆ. ಬಾನೆಟ್ಟಿನ ಮೇಲೆ ಪ್ಲಾಸ್ಟಿಕ್ ಹೂವಿನ ಗುರುತು ಇನ್ನೂ ಇದೆ. "ಇನ್ನೂರು ಮದುಮಕ್ಕಳು ಕುಂತ ಗಾಡಿ ಇದು ಅವ್ವಾರ, ಭಾಳ ಬರ್ಕತ್ ಐತಿ," ಎಂದು ಅವರು ಸೀಟಿನ ಧೂಳು ಹೊಡೆದರು.

ಮಾನವ್ವ ಸುತ್ತಮುತ್ತ ನೋಡಿ ಒಂದು ಅಗಲ ಕಲ್ಲು ಉರುಳಿಸಿ ತಂದರು. ಗಾಡಿಯ ಒಂದು ಗಾಲಿಯನ್ನು ಅದರ ಮೇಲೆ ಹತ್ತಿಸಲು ಹೇಳಿದರು. ಆಮೇಲೆ ಬಾಗಿಲು ತೆರೆದು ಹಾಕಿ ನೋಡಿದರು. ಬಾಗಿಲು ಕೂರಲಿಲ್ಲ. ಇನ್ನೊಮ್ಮೆ ಜೋರಾಗಿ ಹಾಕಿದರು, ಎರಡು ಬೆರಳಷ್ಟು ಹೊರಗೇ ನಿಂತಿತು.

"ಸಾಬ್ರ, ಟಾಪು ಅಂದ್ರ ಬರೇ ನೆರಳಲ್ರಿ, ಈ ಥರದ ಗಾಡಿಗೆ ಅದ ಬೆನ್ನೆಲವು. ಅದನ್ನ ಕೊಯ್ದ ಮ್ಯಾಲ ಗಾಡಿ ನಡೂಕ ಬಗ್ಗೇತಿ. ತಗ್ಗು ದಿಣ್ಣಿ ಬಂದ್ರ ಬಾಗಲಾ ತಾನ ತೆರೀತಾವು."

"ಇಷ್ಟು ವರ್ಷ ಯಾರೂ ಹೇಳಿಲ್ಲಲ್ರಿ?"

"ಮದುಮಕ್ಕಳು ಬಾಗಲಾ ಎಲ್ಲಿ ಹಾಕ್ಕೋತಾರ್ರಿ? ಅವರು ಮ್ಯಾಲ ಏರಿ ಕುಂದರತಾರ, ಗಾಡಿ ಆಮಿ ಹಂಗ ಹೋಗತೈತಿ."

ಮಹಮ್ಮದಸಾಬರು ನಕ್ಕುಬಿಟ್ಟರು. ಟಾಪು ಕೊಯ್ಯಿಸಿದ್ದಕ್ಕೆ ಕಾಗದಪತ್ರದಲ್ಲೂ ಪರವಾನಗಿ ಇರಲಿಲ್ಲ, ಅದನ್ನೂ ಒಪ್ಪಿಕೊಂಡರು. ಚಹಾ ಕುಡಿಸಿ, ಗಾಡಿಗೆ ಮಳೆಗಾಲದ ಹೊದಿಕೆಯೊಂದನ್ನು ಹೊಲಿದುಕೊಡಲು ಅಳತೆ ಬರೆಸಿಯೇ ಕಳಿಸಿದರು. ಗಾಡಿ ಮಾರುವವರಿಂದಲೂ ಕೆಲಸ ಹಿಡಿದುಕೊಂಡು ಬರುವ ಹೆಂಗಸು ಇವರು!

ವಾಪಸ್ ಬಸ್ಸಿನಲ್ಲಿ ಮಾನವ್ವ ಬೆರಳು ಮಡಿಸಿ ಎಣಿಸಿದರು. ಎರಡು ಹೋದವು, ಒಂದು ಉಳಿದಿದೆ. "ಸಾವಕಾರ್ರ ಜೀಪು ಚಲೋ ಇರಲೆವ್ವಾ," ಎಂದು ಒಮ್ಮೆ ತಮ್ಮಷ್ಟಕ್ಕೆ ಅಂದುಕೊಂಡರು. ಪಕ್ಕದಲ್ಲಿ ಕೂತಿದ್ದ ನಾನು ಅದು ಕೆಟ್ಟಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಪೂರಾ ಕೆಡುವುದು ಬೇಡ, ಇವರು ಬೇಡ ಎನ್ನುವಷ್ಟು ಕೆಟ್ಟು ನಾನು ಸರಿ ಮಾಡಿಸಿಕೊಳ್ಳುವಷ್ಟು ಉಳಿದರೆ ಸಾಕಿತ್ತು.

ಮಧ್ಯಾಹ್ನ ಮೂರಕ್ಕೆ ಗೋದಾಮು ತಲುಪಿದೆವು. ಪ್ರಭುಲಿಂಗಪ್ಪನವರು ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೊಣಕಾಲು ಹಿಡಿದು ಅವರಿಗೆ ಈಗ ಜೀಪು ಏರಲಾಗುವುದಿಲ್ಲ, ಅದಕ್ಕೇ ಮಾರಾಟ. ಎರಡು ವರ್ಷಗಳಲ್ಲಿ ಮೊದಲ ಸಲ ಆ ಜೀಪನ್ನು ಪೂರ್ತಿ ನೋಡಿದೆ. ಹಸಿರು ಬಣ್ಣ ಅಲ್ಲಲ್ಲಿ ಮಾಸಿದೆ. ಕ್ಯಾನ್ವಾಸಿನ ಹುಡ್ಡು, ಪಕ್ಕದ ಪ್ಲಾಸ್ಟಿಕ್ ಕಿಟಕಿಗಳು ಹಳದಿಯಾಗಿ ಮಬ್ಬಾಗಿವೆ. ಕಾಗದಪತ್ರ ಸರಿಯಾಗಿವೆ, ಹೋದ ವರ್ಷವಷ್ಟೇ ಮರುನೋಂದಣಿಯಾಗಿದೆ.

ಮಾನವ್ವ ಕಲ್ಲು ತಂದರು. ಗಾಲಿ ಏರಿಸಿದರು. ಬಾಗಿಲು ಹಾಕಿದರು. ಕಟ್ ಎಂದು ಒಂದೇ ಸಲಕ್ಕೆ ಕೂತಿತು. ಚಾಪೆ ಎತ್ತಿ ದಬ್ಬಣ ಒತ್ತಿದರು, ತಗಡು ಗಟ್ಟಿ. ಕಮಾನುಗಳನ್ನು ಒಂದೊಂದಾಗಿ ಬಿಚ್ಚಿ ಮಡಚಿದರು, ತಕರಾರು ಮಾಡದೆ ಮಡಚಿಕೊಂಡವು. ಎಂಜಿನ್ನು ಚಾಲೂ ಮಾಡಿ ಗೋದಾಮಿನ ಅಂಗಳದಲ್ಲಿ ಎರಡು ಸುತ್ತು ಹಾಕಿದರು. ನಲವತ್ತೆಂಟನೇ ವಯಸ್ಸಿಗೆ ಲೈಸೆನ್ಸು ಮಾಡಿಸಿಕೊಂಡವರು, ಗೇರು ಬದಲಿಸುವುದು ನನಗಿಂತ ಸಲೀಸು. ಒಂದೊಂದು ಪರೀಕ್ಷೆಯಲ್ಲೂ ಜೀಪು ಪಾಸಾಗುತ್ತಾ ಹೋದಂತೆ ನನ್ನ ಹೊಟ್ಟೆಯೊಳಗೆ ಬೆಂಕಿ ಏರುತ್ತಿತ್ತು. ನನ್ನ ಗಾಡಿ ಅದು. ಎರಡು ವರ್ಷ ದಿನಾ ನೋಡಿದವನು ನಾನು, ಇವರು ಬಂದು ಒಂದು ತಾಸಾಗಿಲ್ಲ.

"ನೀರಿನ ಪರೀಕ್ಷಾ ಒಂದು ಉಳೀತ್ರಿ," ಎಂದರು ಮಾನವ್ವ. "ಹುಡ್ಡು ಸೋರತಿದ್ರ ಕಮಾನಿಗೂ ತುಕ್ಕು, ಸೀಟಿಗೂ ಹುಳುಕು. ಸೋರಿದ್ರ ನನಗ ಬ್ಯಾಡ, ಹೊಸಾ ಹುಡ್ಡು, ಹೊಸಾ ಕಮಾನು ಅಂತ ಖರ್ಚು ಮಾಡಾಕ ನನ್ನ ಕಡೆ ಉಳದಿಲ್ಲ. ಸರ, ನೀವು ಒಳಗ ಕುಂದರ್ರಿ. ನಾ ಹೊರಗಿಂದ ನೀರು ಹಾಕತೀನಿ. ಹನಿ ಎಲ್ಲಿ ಬೀಳತಾವು ನೋಡಿ ಹೇಳ್ರಿ."

ಒಳಗೆ ಕೂತೆ. ಹುಡ್ಡು ಹಾಕಿ, ಬೆಲ್ಟು ಬಿಗಿದರು. ಒಳಗೆ ಮಬ್ಬು, ಕಿಟಕಿಗಳಿಂದ ಹೊರಗಿನದೇನೂ ಕಾಣದು. ನಲ್ಲಿಯ ಕೆಳಗೆ ಕೊಡ ತುಂಬುವ ಸದ್ದು ಕೇಳುತ್ತಿತ್ತು. ಆ ಒಂದು ನಿಮಿಷದಲ್ಲಿ ನಾನು ಎಲ್ಲ ಲೆಕ್ಕ ಹಾಕಿದೆ. ಈಗ ಸೋರುತ್ತದೆ ಎಂದರೆ ಈ ಹೆಂಗಸು ಮನೆಗೆ ಹೋಗುತ್ತಾರೆ. ನಾಳೆ ಇವರ ಮನೆಗೆ ಗೌಂಡಿ ಬರುತ್ತಾನೆ, ನನಗೆ ಸಾಲದ ಹಣ ಬರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಪಾಪ ಎನಿಸಿತೇ ಎಂದು ನೀವು ಕೇಳಿದರೆ, ಇಲ್ಲ. ಆ ಹೊತ್ತಿಗೆ ಎನಿಸಲಿಲ್ಲ.

ಧಬ ಧಬ ಎಂದು ನೀರು ಸುರಿದ ಸದ್ದಾಯಿತು.

"ಸರ, ಏನರ ಸೋರಾಕತ್ತೈತೇನ್ರಿ?"

"ಸೋರ್ತಾ ಇದೆ ಅಕ್ಕಾರ!" ಎಂದು ಕೂಗಿದೆ. "ಮೂರು ಕಡೆ! ಮುಂದೆ ಎರಡು ಕಡೆ, ಹಿಂದಿನ ಸೀಟಿನ ಮೇಲೆ ಒಂದು ಕಡೆ. ನನ್ನ ಅಂಗಿ ಎಲ್ಲಾ ತೊಯ್ದಿತು!"

ಹೊರಗೆ ಬೆಲ್ಟು ಬಿಚ್ಚಿದ ಸದ್ದು, ಮಬ್ಬು ಕಿಟಕಿ ಮೇಲೆ ಎದ್ದಿತು, ಮಾನವ್ವನ ಮುಖ ಒಳಗೆ ಬಂತು. ನನ್ನ ಒಣ ಅಂಗಿಯನ್ನು ನೋಡಿದರು.

"ಹುಡ್ಡಿನ ಮ್ಯಾಲ ನಾ ಇನ್ನೂ ನೀರು ಹಾಕಿಲ್ರಿ," ಎಂದರು. "ಮೊದಲನೇ ಕೊಡ ಗಾಲಿಗೆ ಹಾಕೂದು ನಮ್ಮಲ್ಲಿ ಪದ್ಧತಿ. ಗಾಡಿಗೆ ಮೊದಲ ಗಾಲಿ ತೊಳೀಬೇಕು, ಆಮ್ಯಾಲ ಉಳಿದಿದ್ದು. ನಾಕೂ ಗಾಲಿಗೆ ಹಾಕಿ, ತಳದಿಂದ ಒಳಗ ನೀರು ಬರತೈತೇನೋ ಅಂತ ಕೇಳಿದೆ."

ಕಟ್ಟೆಯ ಮೇಲಿನಿಂದ ಪ್ರಭುಲಿಂಗಪ್ಪನವರು ಗಂಟಲು ಸರಿಮಾಡಿಕೊಂಡರು. "ಹೌದಲ್ಲ ಸರ, ಗೆಳ್ಯಾಗ ಬೇಕಂತ ಹೆಸರು ಹೇಳದ ಫೋನ್ ಮಾಡಿದ್ದವರು ನೀವ ಅಲ್ಲೇನು? ನೀವು ಒದರಿದ ಮ್ಯಾಲ ದನಿ ಗುರ್ತು ಸಿಕ್ತು ನೋಡ್ರಿ."

ಮುಖ ಕೆಂಡದಷ್ಟು ಬಿಸಿಯಾಯಿತು. ಇಳಿದು ಓಡಿಹೋಗಬೇಕೆಂದರೆ ಬಾಗಿಲಲ್ಲೇ ಮಾನವ್ವ ನಿಂತಿದ್ದರು.

"ನಿಮಗೂ ಬೇಕಿತ್ತೇನ್ರಿ ಈ ಗಾಡಿ?"

"ಬೇಕಿತ್ತು," ಎಂದೆ. "ಎರಡು ವರ್ಷದಿಂದ. ನಾಳೆ ಬರುವವನಿದ್ದೆ. ನಿಮ್ಮ ಮೇಲೆ ಹೊಟ್ಟೆಕಿಚ್ಚಾಯಿತು ಅಕ್ಕಾರ. ತಪ್ಪಾಯಿತು."

ಬಯ್ಯುತ್ತಾರೆ ಎಂದುಕೊಂಡೆ. ಬಯ್ದಿದ್ದರೆ ಸಲೀಸಿತ್ತು. ಮಾನವ್ವ ಖಾಲಿ ಕೊಡವನ್ನು ಬಾನೆಟ್ಟಿನ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡರು.

"ಒಂದು ಮಾತು ಹೇಳತೀನಿ, ಇದನ್ನ ನಮ್ಮ ಯಜಮಾನ್ರ ಮುಂದನೂ ಹೇಳಿಲ್ಲ, ಈಗ ಪೇಪರಿನ್ಯಾಗ ಬಂದ್ರೂ ಬರಲಿ. ಉಮಾ ಹೊಟ್ಟ್ಯಾಗಿದ್ಲು, ಏಳು ತಿಂಗಳು. ಪ್ಯಾಟ್ಯಾಗಿನ ಬ್ಯಾರೆ ಸಾವಕಾರ್ರ ಮನಿ ಸೊಸಿ, ಅನ್ನಪೂರ್ಣೇಶ್ವರಿ ಅಂತ, ಜೀಪಿನ ಹುಡ್ಡು ಹೊಲಸಾಕ ಬಂದಿದ್ರು. ನನ್ನ ವಾರಿಗಿಯವ್ರ, ಒಂದ ವಯಸ್ಸು. ಹುಡ್ಡು ಬಿಚ್ಚಿದ ಗಾಡಿ ತಾವ ಹೊಡಕೊಂಡು ಬಂದ್ರು, ಕೂದಲಾ ಹಾರಾಡತಿದ್ವು, ನಕ್ಕೋತ ಇಳದ್ರು. ನಾ ನೆಲದ ಮ್ಯಾಲ ಕುಂತು, ಸೊಂಟ ಹಿಡದು ಹೊಲ್ಯಾಕತ್ತಿದ್ದೆ. ಅವ್ರೇನೂ ತಪ್ಪು ಮಾಡಿರಲಿಲ್ರಿ, 'ಕುಂದರವ್ವಾ, ಅರಾಮ ಮಾಡು' ಅಂದ್ರು. ಅದಕ್ಕ ಇನ್ನೂ ಹೊಟ್ಟಿ ಉರೀತು. ಅವ್ರು ಕುಂದರೂ ಜಾಗಾದ ಮ್ಯಾಲಿನ ಮೂರು ಹೊಲಗಿ ಬೇಕಂತ ಸಡಲ ಬಿಟ್ಟೆ."

"ಸೋರಿತೇ?"

"ಸೋರದೇನು? ಮುಂದ ಮಳಿಗಾಲದಾಗ ಸೀರಿ ಎಲ್ಲಾ ತೊಯ್ಸಿಕೊಂಡು ಬಂದ್ರು. 'ಹೊಲಗಿ ಬಿಚ್ಚ್ಯಾವ ನೋಡವ್ವಾ' ಅಂದ್ರು. ನನ್ನ ಮ್ಯಾಲ ಸಂಶಯಾನ ಬರಲಿಲ್ಲ ಅವ್ರಿಗೆ. ಬಿಟ್ಟಿ ಹೊಲಕೊಟ್ಟೆ. ಆವತ್ತಿನಿಂದ ಮೂಲಿ ಹೊಲಿಗಿ ಎರಡೆರಡು ಸಲ ಹಾಕತೀನಿ, ಚಂದ ಕಾಣಲಿ ಅಂತ ಅಲ್ರಿ." ಅವರು ಕೊಡ ಎತ್ತಿಕೊಂಡರು. "ನೀವು ಬಾಯಿಲೆ ಸೋರಿಸಿದ್ರಿ, ನಾ ದಾರಲೆ ಸೋರಿಸಿದ್ದೆ. ಅಷ್ಟ ಫರಕು. ಇನ್ನ ಒಳಗ ಕುಂದರ್ರಿ. ಖರೇ ನೀರು ಹಾಕತೀನಿ, ಖರೇ ಹೇಳ್ರಿ."

"ನನ್ನ ಮಾತು ಈಗಲೂ ನಂಬುತ್ತೀರಾ?"

"ಸಿಕ್ಕಿಬಿದ್ದ ಮನಶ್ಯಾ ಅದ ತಾಸಿನ್ಯಾಗ ಎರಡನೇ ಸುಳ್ಳು ಹೇಳೂದಿಲ್ರಿ."

ಆರು ಕೊಡ ನೀರು ಬಿತ್ತು. ನಾನು ಒಂದೊಂದು ಹೊಲಿಗೆಯನ್ನೂ ಬೆರಳಾಡಿಸಿ ನೋಡಿದೆ. ಅಷ್ಟು ಶ್ರದ್ಧೆಯಿಂದ ನಾನು ಪರೀಕ್ಷೆಗೂ ಓದಿಲ್ಲ. ಒಂದು ಹನಿ ಬೀಳಲಿ ಎಂದು ಮನಸ್ಸು ಆಗಲೂ ಬಯಸುತ್ತಿತ್ತು, ಸುಳ್ಳೇಕೆ. ಬೀಳಲಿಲ್ಲ.

"ಇಲ್ಲ ಅಕ್ಕಾರ," ಎಂದೆ. "ಎಲ್ಲೂ ಸೋರುವುದಿಲ್ಲ."

ನಾಲ್ಕೂವರೆಗೆ ವ್ಯವಹಾರ ಮುಗಿಯಿತು. ಪ್ರಭುಲಿಂಗಪ್ಪನವರು ಕೀಲಿಯನ್ನು ಎಲೆ ಅಡಿಕೆಯ ಮೇಲಿಟ್ಟು ಮಾನವ್ವನ ಕೈಗೆ ಕೊಟ್ಟರು. ಸಾಕ್ಷಿ ಸಹಿ ಬೇಕೆಂದಾಗ ಅಲ್ಲಿದ್ದವನು ನಾನೊಬ್ಬನೇ. ನಾನು ಕೊಳ್ಳಬೇಕೆಂದಿದ್ದ ಗಾಡಿಯನ್ನು ಇನ್ನೊಬ್ಬರು ಕೊಂಡ ಕಾಗದಕ್ಕೆ ನನ್ನದೇ ಪೆನ್ನಿನಿಂದ ಸಹಿ ಹಾಕಿದೆ. ಮನೆಗೆ ಬಂದು ಹೇಳಿದಾಗ ಮಹೇಶ್ವರಿ ಆ ತಲೆವಸ್ತ್ರವನ್ನು ಮಡಚಿ ಕಪಾಟಿನಲ್ಲಿ ಇಟ್ಟಳು, ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಲೇಖನಕ್ಕೆ ಫೋಟೋ ಬೇಕಿತ್ತು. ಆ ನೆಪದಲ್ಲಿ ಮುಂದಿನ ಭಾನುವಾರ ಬೆಳಿಗ್ಗೆ ಮತ್ತೆ ಶೆಡ್ಡಿಗೆ ಹೋಗಿದ್ದೇನೆ. ಜೀಪಿನ ಹುಡ್ಡು ಬಿಚ್ಚಿ, ಮಡಚಿ ಹಿಂದಿನ ಸೀಟಿನಲ್ಲಿ ಇಟ್ಟಾಗಿದೆ. ಹೊಳಿಯಪ್ಪ ಕಿವಿಗೆ ಮಫ್ಲರ್ ಸುತ್ತಿಕೊಂಡು ಮುಂದಿನ ಸೀಟಿನಲ್ಲಿ ಮೊದಲೇ ಕೂತಿದ್ದಾನೆ. ಸ್ಲ್ಯಾಬು ಹೋದ ಸಿಟ್ಟು ಮುಖದ ಮೇಲಿದೆ, ಆದರೆ ಸೀಟು ಬಿಟ್ಟುಕೊಡುವ ಲಕ್ಷಣವಿಲ್ಲ. "ಹಿಂದ ಹತ್ತರಿ ಸರ, ಇಟಗಿ ತನಕ ಹೋಗಿ ಭೀಮವ್ವನ ಗುಡ್ಯಾಗ ಕಾಯಿ ಒಡಿಸ್ಕೊಂಡು ಬರೂಣು," ಎನ್ನುತ್ತಾರೆ ಮಾನವ್ವ. ಹುಡ್ಡಿನ ಮಡಿಕೆಯ ಪಕ್ಕ ಇಕ್ಕಟ್ಟಿನಲ್ಲಿ ಕೂರುತ್ತೇನೆ.

ಊರು ದಾಟಿದ ಮೇಲೆ ಗಾಳಿ ಶುರುವಾಗುತ್ತದೆ. ಎರಡೂ ಕಡೆ ಕಡಲೆ ಹೊಲ, ಗುಡ್ಡದ ಮೇಲೆ ಗಾಳಿಯಂತ್ರಗಳು. ಮಾನವ್ವನ ತಲೆಯ ಮೇಲಿನ ಸೆರಗು ಮೊದಲ ತಿರುವಿನಲ್ಲೇ ಜಾರುತ್ತದೆ. ಎಳೆದುಕೊಳ್ಳಲು ಕೈ ಎತ್ತಿದವರು ಅರ್ಧದಲ್ಲೇ ಕೈ ಇಳಿಸಿ ಮತ್ತೆ ಸ್ಟೇರಿಂಗ್ ಹಿಡಿಯುತ್ತಾರೆ. ಬಿಳಿ ಬೆರೆತ ಕೂದಲು ಎದ್ದು ಹಾರಾಡುತ್ತದೆ. ಅವರು ನಗುತ್ತಿಲ್ಲ, ಮಾತಾಡುತ್ತಲೂ ಇಲ್ಲ, ರಸ್ತೆಯನ್ನು ಬಿಟ್ಟು ಬೇರೇನನ್ನೂ ನೋಡುತ್ತಿಲ್ಲ. ಇಷ್ಟು ಸುಖವಾಗಿರುವ ಮನುಷ್ಯರನ್ನು ನಾನು ಇತ್ತೀಚೆಗೆ ಕಂಡಿಲ್ಲ. ಹಿಂದಿನ ಸೀಟಿನಲ್ಲಿ ನನಗೆ ಅದೇ ಗಾಳಿ ಬಡಿಯುತ್ತಿದೆ, ಹೊಟ್ಟೆ ಮಾತ್ರ ಇನ್ನೂ ತಣ್ಣಗಾಗಿಲ್ಲ.

ಮುಂದೇನು ಆಸೆ ಎಂದು ಕೇಳುತ್ತೇನೆ, ಇಂಥ ಲೇಖನದ ಕೊನೆಗೆ ನಾವು ಕೇಳಲೇಬೇಕಾದ ಪ್ರಶ್ನೆ ಅದು.

"ವಾರದಾಗ ಆರು ದಿನಾ ಮಂದಿ ತಲಿ ಮುಚ್ಚತೀನ್ರಿ. ಒಂದು ದಿನಾ ಹಿಂಗ ಇರಲಿ. ಅಷ್ಟ ಸಾಕು."

ಪುರ್ತಗೇರಿ ಹತ್ತಿರ ರಸ್ತೆಯ ಬದಿಗೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಕೈ ಅಡ್ಡ ಮಾಡುತ್ತಾಳೆ. ಗಾಳೆವ್ವ, ಮಾನವ್ವನ ತವರಿನ ಕಡೆಯವಳು. ಜೀಪು ನಿಲ್ಲುತ್ತದೆ. ಗಾಳೆವ್ವ ಹೊರೆಯ ಕೆಳಗಿನಿಂದಲೇ ಕಣ್ಣು ಅಗಲಿಸಿ, ಜೀಪಿನ ಈ ತುದಿಯಿಂದ ಆ ತುದಿಯವರೆಗೆ ನೋಡಿ, ಮುಂದಿನ ಸೀಟಿನ ಕಡೆ ತಿರುಗಿ ಕೇಳುತ್ತಾಳೆ.

"ಏನಪಾ ಹೊಳಿಯಪ್ಪಾ, ಭಾರಿ ಗಾಡಿ ತಗೊಂಡೀಯಲ್ಲೋ!"

ಹೊಳಿಯಪ್ಪ ಮಫ್ಲರು ಸರಿಮಾಡಿಕೊಂಡು, ಎದೆ ಮುಂದೆ ಮಾಡಿ, ಹೌದು ಎನ್ನಲು ಬಾಯಿ ತೆರೆಯುತ್ತಾನೆ. ಮಾನವ್ವ ಕೀಲಿ ತಿರುಗಿಸಿ ಎಂಜಿನ್ನು ಬಂದ್ ಮಾಡುತ್ತಾರೆ. ಸದ್ದು ಪೂರಾ ನಿಂತ ಮೇಲೆ ಹೇಳುತ್ತಾರೆ.

"ಅವರನ್ಯಾಕ ಕೇಳ್ತೀ ಗಾಳೆವ್ವಾ? ಗಾಡಿ ನಂದೈತಿ."